ಸಾಧಾರಣ ದಿನಗಳ ಹೊಗೆ

ಗಾಳಿ ತೀರಾ ಕೆಟ್ಟಿದ್ದರೆ ಅದನ್ನು ಯಾರೂ ನಮಗೆ ಹೇಳಬೇಕಿಲ್ಲ. ಕಣ್ಣು ಉರಿಯುತ್ತದೆ, ಗಂಟಲು ಕೆರೆಯುತ್ತದೆ, ಎದುರಿನ ಕಟ್ಟಡವೇ ಮಂಕಾಗಿ ಕಾಣುತ್ತದೆ, ಟೀವಿಯಲ್ಲಿ ಕೆಂಪು ಅಕ್ಷರ ಓಡುತ್ತದೆ. ಆವತ್ತು ಎಲ್ಲರೂ ಹುಷಾರು. ಮಾಸ್ಕ್ ಹುಡುಕುತ್ತಾರೆ, ಕಿಟಕಿ ಮುಚ್ಚುತ್ತಾರೆ, ಮಕ್ಕಳನ್ನು ಒಳಗೆ ಕೂರಿಸುತ್ತಾರೆ. ಆಮೇಲೆ ಒಂದು ಮಳೆ ಬಂದು, ಗಾಳಿ ಬೀಸಿ, ನಂಬರ್ ಕೆಳಗಿಳಿದರೆ ಮುಗಿಯಿತು. ವಿಷಯವೇ ಮರೆತುಹೋಗುತ್ತದೆ.

ನನ್ನ ತಕರಾರಿರುವುದು ಆ ಮರೆತ ದಿನಗಳ ಬಗ್ಗೆ. ಮೊಬೈಲಿನ ಗಾಳಿ ಆ್ಯಪ್‌ನಲ್ಲಿ ಹಳದಿಯೋ ತಿಳಿ ಹಸಿರೋ ಬಣ್ಣ ಕಂಡು 'ಪರವಾಗಿಲ್ಲ ಇವತ್ತು' ಅಂದುಕೊಂಡು ಹೊರಡುತ್ತೇವಲ್ಲ, ಆ ದಿನಗಳು. ವರ್ಷದಲ್ಲಿ ಜಾಸ್ತಿ ಇರುವುದು ಅವೇ. ನಮ್ಮ ಹೃದಯಕ್ಕೂ ಶ್ವಾಸಕೋಶಕ್ಕೂ ಜಾಸ್ತಿ ಹೊಡೆತ ಕೊಡುವುದೂ ಅವೇ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ನಗರದಲ್ಲಿ ವರ್ಷಕ್ಕೆ 15 ದಿನ ಗಾಳಿ ಭಯಂಕರ ಕೆಟ್ಟಿರುತ್ತದೆ ಅಂದುಕೊಳ್ಳಿ, ಒಂದು ಘನ ಮೀಟರ್ ಗಾಳಿಯಲ್ಲಿ 200 ಮೈಕ್ರೋಗ್ರಾಂ ಸಣ್ಣ ಕಣ. ಉಳಿದ 350 ದಿನ 40. ಕೆಟ್ಟ ದಿನಗಳದ್ದು ಕೂಡಿಸಿದರೆ 3,000. ಸಾಧಾರಣ ದಿನಗಳದ್ದು 14,000. ಅಂದರೆ ಸುದ್ದಿಯಲ್ಲಿ ಬಂದ ಆ 15 ದಿನಗಳ ಪಾಲು ಇಡೀ ವರ್ಷದ ಐದನೇ ಒಂದು ಭಾಗವೂ ಅಲ್ಲ. ಇನ್ನೊಂದು ಮಜಾ ನೋಡಿ. ಸಾಧಾರಣ ದಿನಗಳಲ್ಲಿ ನೀವು ಉಸಿರಾಡುವ ಗಾಳಿಯಿಂದ ಬರೀ 10 ಮೈಕ್ರೋಗ್ರಾಂ ಇಳಿಸಿದರೆ ವರ್ಷಕ್ಕೆ 3,500 ಉಳಿಯುತ್ತದೆ. ಆ 15 ಕೆಟ್ಟ ದಿನ ಊರು ಬಿಟ್ಟು ಯಾವುದೋ ಬೆಟ್ಟದ ಮೇಲೆ ಕೂತು ಒಂದು ಕಣವನ್ನೂ ಒಳಗೆ ತೆಗೆದುಕೊಳ್ಳದಿದ್ದರೂ ಉಳಿಯುವುದು 3,000 ಅಷ್ಟೇ.

ಕೆಟ್ಟ ದಿನಗಳು ನಿರಪಾಯ ಅಂತ ನಾನು ಹೇಳುತ್ತಿಲ್ಲ. ಉಬ್ಬಸ ಇರುವವರಿಗೆ, ಹೃದಯದ ತೊಂದರೆ ಇರುವವರಿಗೆ ಅಂಥ ಒಂದೇ ದಿನ ಆಸ್ಪತ್ರೆ ಸೇರಿಸಬಹುದು. 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ ಕಲ್ಲಿದ್ದಲ ಹೊಗೆಯಲ್ಲಿ ಮುಳುಗಿತ್ತು. ಆಗ ಸತ್ತವರು ಸುಮಾರು 4,000 ಅಂತ ಮೊದಲು ಲೆಕ್ಕ ಹಾಕಿದರು, ಆಮೇಲಿನ ಅಂದಾಜು 12,000ದವರೆಗೂ ಹೋಯಿತು. ಅದಕ್ಕೂ ಮುಂಚೆ, 1948ರಲ್ಲಿ, ಅಮೆರಿಕದ ಡೊನೋರಾ ಅನ್ನುವ ಸಣ್ಣ ಕಾರ್ಖಾನೆ ಪಟ್ಟಣದಲ್ಲಿ ಕೆಲವೇ ದಿನಗಳಲ್ಲಿ 20 ಜನ ಹೋದರು. ಇಂಥ ಕಥೆಗಳೇ ನಮ್ಮ ತಲೆಯಲ್ಲಿ ಕೂತಿವೆ. ವಾಯುಮಾಲಿನ್ಯ ಅಂದರೆ ಕಣ್ಣಿಗೆ ಕಾಣುವ ದಟ್ಟ ಹೊಗೆ, ಬರುತ್ತದೆ, ಕೊಲ್ಲುತ್ತದೆ, ಹೋಗುತ್ತದೆ. ಪ್ರವಾಹದ ಥರ ಒಂದು ಘಟನೆ.

ಈ ತಿಳಿವಳಿಕೆ ತಪ್ಪು ಅಂತ ತೋರಿಸಿದ ಅಧ್ಯಯನ ಬಂದಿದ್ದು 1993ರಲ್ಲಿ. ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ ಆರು ಊರುಗಳ ಎಂಟು ಸಾವಿರಕ್ಕೂ ಹೆಚ್ಚು ಜನರನ್ನು 14ರಿಂದ 16 ವರ್ಷ ಹಿಂಬಾಲಿಸಿದ್ದರು. ಸಿಗರೇಟು, ತೂಕ, ಓದು, ಎಲ್ಲವನ್ನೂ ಲೆಕ್ಕದಿಂದ ತೆಗೆದು ನೋಡಿದರೂ, ಗಾಳಿ ಅತಿ ಕೊಳಕಾಗಿದ್ದ ಸ್ಟೂಬೆನ್‌ವಿಲ್ ಊರಿನವರ ಸಾವಿನ ಪ್ರಮಾಣ ಅತಿ ಶುದ್ಧ ಗಾಳಿಯ ಪೋರ್ಟೇಜ್ ಊರಿನವರಿಗಿಂತ ಶೇಕಡ 26 ಜಾಸ್ತಿ ಇತ್ತು. ನೆನಪಿಡಿ, ಆ ಆರು ಊರುಗಳಲ್ಲಿ ಯಾವುದೂ ಲಂಡನ್ ಥರ ಕತ್ತಲಾಗಿರಲಿಲ್ಲ. ಜನ ಮಾಮೂಲಿಯಾಗಿ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಗಾಳಿ ಕೆಟ್ಟಿದೆ ಅಂತ ಯಾರೂ ದಿನಾ ಕೂಗಾಡುತ್ತಿರಲಿಲ್ಲ.

ಸಣ್ಣ ಕಣ ಅಂದೆನಲ್ಲ, ಅದು ಪಿಎಂ 2.5. ಎರಡೂವರೆ ಮೈಕ್ರಾನಿಗಿಂತ ಸಣ್ಣದು. ತಲೆಗೂದಲಿನ ದಪ್ಪ ಸುಮಾರು 50ರಿಂದ 70 ಮೈಕ್ರಾನ್, ಹಾಗಾಗಿ ಇದು ಎಷ್ಟು ಸಣ್ಣದು ಅಂತ ನೀವೇ ಊಹಿಸಿ. ರಸ್ತೆ ಧೂಳು, ಕಟ್ಟಡ ಕೆಲಸದ ಪುಡಿ ಬಹುಪಾಲು ದಪ್ಪ. ಅದು ಮೂಗಿನಲ್ಲಿ, ಗಂಟಲಲ್ಲಿ ಸಿಕ್ಕಿಕೊಂಡು ಸೀನು, ಕೆಮ್ಮು ತರಿಸುತ್ತದೆ. ನಮಗೆ ಸಿಟ್ಟು ಬರಿಸುವುದು ಅದೇ, ಕಣ್ಣಿಗೆ ಕಾಣುತ್ತದೆ ನೋಡಿ. ಸಣ್ಣ ಕಣ ಮಾತ್ರ ಸದ್ದಿಲ್ಲದೆ ಶ್ವಾಸಕೋಶದ ಕೊನೆಯ ಗಾಳಿಚೀಲದ ತನಕ ಇಳಿಯುತ್ತದೆ. ಅದರಲ್ಲೂ ತೀರಾ ಸಣ್ಣವು ರಕ್ತಕ್ಕೂ ದಾಟುತ್ತವೆ. ಡೀಸೆಲ್ ಹೊಗೆ, ಕಲ್ಲಿದ್ದಲು, ಕಸ ಸುಡುವುದು, ಸೌದೆ, ಇವೆಲ್ಲ ಅದರ ಮೂಲ. ಇನ್ನೊಂದು ಮೂಲ ಜನರಿಗೆ ಅಷ್ಟು ಗೊತ್ತಿಲ್ಲ. ಚಿಮಣಿಯಿಂದ ಬಂದ ಗಂಧಕದ ಅನಿಲವೂ ಗೊಬ್ಬರ ಮತ್ತು ಸಗಣಿಯಿಂದ ಬಂದ ಅಮೋನಿಯಾವೂ ಆಕಾಶದಲ್ಲೇ ಸೇರಿ ಹೊಸ ಕಣ ಹುಟ್ಟಿಸುತ್ತವೆ. ನೂರಾರು ಕಿಲೋಮೀಟರ್ ದೂರದಿಂದ ತೇಲಿ ಬರುವ ಕಣಗಳಲ್ಲಿ ಇಂಥವು ತುಂಬಾ.

ವಾಯುಮಾಲಿನ್ಯ ಅಂದರೆ ಎಲ್ಲರಿಗೂ ನೆನಪಾಗುವುದು ಶ್ವಾಸಕೋಶ. ಆದರೆ ಲೆಕ್ಕ ನೋಡಿದರೆ ಜಾಸ್ತಿ ಸಾವು ಹೃದಯ ಮತ್ತು ರಕ್ತನಾಳದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ 42 ಲಕ್ಷ ಜನ ಅಕಾಲದಲ್ಲಿ ಸತ್ತರು. ಅದರಲ್ಲಿ ಶೇಕಡ 68 ಹೃದಯಾಘಾತದಂಥ ಹೃದ್ರೋಗ ಮತ್ತು ಪಾರ್ಶ್ವವಾಯು. ಶ್ವಾಸಕೋಶದ ಕ್ಯಾನ್ಸರ್ ಬರೀ 4. ಕಣ ಒಳಗೆ ಹೋದರೆ ದೇಹ ಅದನ್ನು ಶತ್ರು ಅಂತ ಎಣಿಸುತ್ತದೆ, ಉರಿಯೂತ ಶುರುವಾಗುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಹಾಗಾಗುತ್ತದೆ, ರಕ್ತನಾಳ ಬಿಗಿಯುತ್ತದೆ. ಕೆಮ್ಮೇ ಬರದಿರಬಹುದು. 'ನನಗೇನೂ ಆಗಿಲ್ಲಪ್ಪ, ನನಗೆ ಅಭ್ಯಾಸ' ಅನ್ನುವವರ ಮಾತಿಗೆ ನಾನು ಅಷ್ಟು ಬೆಲೆ ಕೊಡದಿರುವುದು ಇದಕ್ಕೇ. ಕೆಮ್ಮುವುದಕ್ಕೆ ಗಂಟಲು ಒಗ್ಗಿಕೊಳ್ಳಬಹುದು, ರಕ್ತನಾಳ ಒಗ್ಗಿಕೊಳ್ಳುವುದಿಲ್ಲ.

ಇನ್ನು ಮೊಬೈಲಿನ ನಂಬರ್ ವಿಷಯ. ಎಕ್ಯೂಐ, ಅಂದರೆ ಗಾಳಿಯ ಗುಣಮಟ್ಟದ ಸೂಚ್ಯಂಕ, ಅನ್ನುವುದು ಅಳತೆಯಲ್ಲ, ಅಳತೆಯಿಂದ ಮಾಡಿದ ಅಂಕ. ಆ ಅಂಕ ಹೇಗೆ ಕೊಡಬೇಕು ಅಂತ ಒಂದೊಂದು ದೇಶ ಒಂದೊಂದು ರೀತಿ ತೀರ್ಮಾನ ಮಾಡಿಕೊಂಡಿದೆ. ಒಂದು ಘನ ಮೀಟರಿಗೆ 60 ಮೈಕ್ರೋಗ್ರಾಂ ಪಿಎಂ 2.5 ಇರುವ ಗಾಳಿ ತೆಗೆದುಕೊಳ್ಳಿ. ಭಾರತದ ಸೂಚ್ಯಂಕದಲ್ಲಿ ಅದು 100, ತಿಳಿ ಹಸಿರು, 'ತೃಪ್ತಿಕರ'. ಅದೇ ಗಾಳಿಯನ್ನು ಅಮೆರಿಕದ ಸೂಚ್ಯಂಕಕ್ಕೆ ಹಾಕಿ. 150 ದಾಟುತ್ತದೆ, ಬಣ್ಣ ಕೆಂಪು, 'ಅನಾರೋಗ್ಯಕರ'. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ದಿನದ ಮಿತಿ 15. ಅಂದರೆ ಒಂದು ಕಡೆ ತೃಪ್ತಿ ಪಡಬೇಕಾದ ಗಾಳಿ ಇನ್ನೊಂದು ಲೆಕ್ಕದಲ್ಲಿ ಮಿತಿಯ ನಾಲ್ಕು ಪಟ್ಟು. ನಿಮ್ಮ ಫೋನಿನ ಒಂದು ಆ್ಯಪ್ 98 ತೋರಿಸಿ ಇನ್ನೊಂದು 152 ತೋರಿಸಿದರೆ ಎರಡರಲ್ಲಿ ಒಂದು ಸುಳ್ಳು ಹೇಳುತ್ತಿದೆ ಅಂತಲ್ಲ, ಬೇರೆ ಬೇರೆ ಅಳತೆಗೋಲು ಹಿಡಿದಿವೆ ಅಷ್ಟೇ.

ಹಾಗಾಗಿ ನಾನು ಬಣ್ಣ ನೋಡುವುದು ಬಿಟ್ಟೆ. ಆ್ಯಪ್‌ನಲ್ಲಿ ಆ ಅಂಕದ ಮೇಲೆ ಒತ್ತಿದರೆ ಕೆಳಗೆ ಒಂದೊಂದು ವಸ್ತುವಿನ ಅಳತೆ ಮೈಕ್ರೋಗ್ರಾಂನಲ್ಲಿ ತೆರೆದುಕೊಳ್ಳುತ್ತದೆ. ಪಿಎಂ 2.5ರ ಎದುರು ಇರುವ ಸಂಖ್ಯೆ ಓದಿ. ಈ ಅಂಕ ಎಲ್ಲ ಮಾಲಿನ್ಯದ ಮೊತ್ತವೂ ಅಲ್ಲ. ಎಲ್ಲದರ ಪೈಕಿ ಯಾವುದು ಅತಿ ಕೆಟ್ಟದ್ದೋ ಅದರ ಅಂಕವನ್ನೇ ಮುಂದೆ ಇಡುತ್ತಾರೆ. ಆದ್ದರಿಂದ ಧೂಳಿನಿಂದ ಬಂದ 120ಕ್ಕೂ ಓಝೋನ್ ಅನ್ನುವ ಅನಿಲದಿಂದ ಬಂದ 120ಕ್ಕೂ ನೀವು ಮಾಡಬೇಕಾದ್ದು ಬೇರೆ ಬೇರೆ. ಮತ್ತೆ, ಹಲವು ಕಡೆ ತೋರಿಸುವುದು ಕಳೆದ 24 ಗಂಟೆಯ ಸರಾಸರಿ. ಬೆಳಿಗ್ಗೆ ಏಳಕ್ಕೆ ಹೊರಗೆ ಹೊಗೆ ಕಟ್ಟಿಕೊಂಡಿದ್ದರೂ ನಿನ್ನೆ ಮಧ್ಯಾಹ್ನದ ಒಳ್ಳೆ ಗಾಳಿ ಸೇರಿ ನಂಬರ್ ಸಪ್ಪೆಯಾಗಿ ಕಾಣಬಹುದು. ಗಂಟೆವಾರು ಗ್ರಾಫ್ ಸಿಕ್ಕಿದರೆ ಅದನ್ನೇ ನೋಡಿ.

ಪಿಎಂ 2.5ರ ವರ್ಷದ ಮಿತಿಗಳನ್ನೂ ಒಂದು ಸಲ ಪಕ್ಕಪಕ್ಕ ಇಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ 10 ಅಂದಿತ್ತು, 2021ರಲ್ಲಿ ಅದನ್ನು 5ಕ್ಕೆ ಇಳಿಸಿತು. ಅಮೆರಿಕ 2024ರಲ್ಲಿ 12ರಿಂದ 9ಕ್ಕೆ ಇಳಿಸಿತು. ಭಾರತದ್ದು 40. ಜಗತ್ತಿನ ಶೇಕಡ 99 ಜನ ಉಸಿರಾಡುವ ಗಾಳಿ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಗಳನ್ನು ಮೀರಿದೆ. ಹಾಗಾದರೆ ಇದು ಯಾರೂ ಮುಟ್ಟಲಾಗದ ಗುರಿ ಅಲ್ವಾ, ಇಟ್ಟುಕೊಂಡು ಏನು ಪ್ರಯೋಜನ ಅಂತ ಕೇಳುವವರಿದ್ದಾರೆ. ಪ್ರಯೋಜನ ಇದೆ. ಕೆಳಗಿನ ಮಟ್ಟದಲ್ಲೂ ಹಾನಿ ನಿಲ್ಲುವುದಿಲ್ಲ ಅನ್ನುವುದೇ ಈ ಮೂವತ್ತು ವರ್ಷದಲ್ಲಿ ಗೊತ್ತಾದ ದೊಡ್ಡ ಸಂಗತಿ.

ಇಲ್ಲಿ ಸಿಗರೇಟಿನ ಹೋಲಿಕೆ ಬಗ್ಗೆ ಒಂದು ಮಾತು. ಪಿಎಂ 2.5 22 ಮೈಕ್ರೋಗ್ರಾಂ ಇರುವ ಗಾಳಿಯಲ್ಲಿ ಒಂದು ದಿನ ಇದ್ದರೆ ಒಂದು ಸಿಗರೇಟು ಸೇದಿದ ಹಾಗೆ ಅಂತ ಒಂದು ಲೆಕ್ಕ ಓಡಾಡುತ್ತದೆ. ಪತ್ರಿಕೆಗಳಿಗೆ ಅದು ಬಹಳ ಇಷ್ಟ. ಆ ಲೆಕ್ಕ ಹಾಕಿರುವುದು ಸಾವಿನ ಸಂಖ್ಯೆಯಿಂದ. ಒಳಗೆ ಹೋಗುವ ಕಣದ ತೂಕ ನೋಡಿದರೆ ಒಂದು ಸಿಗರೇಟಿನಿಂದ ಹೋಗುವುದು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನನಗೆ ಆ ಹೋಲಿಕೆ ಅಷ್ಟು ಹಿಡಿಸುವುದಿಲ್ಲ, ಆದರೆ ಅದರ ಹಿಂದೆ ಒಂದು ವಿಚಿತ್ರ ಸತ್ಯ ಇದೆ. ಸ್ವಲ್ಪ ಕಣವೇ ಬಹಳ ಹಾನಿ ಮಾಡುತ್ತದೆ, ಆಮೇಲೆ ಏರುವ ಪ್ರತಿ ಮೈಕ್ರೋಗ್ರಾಂ ಮಾಡುವ ಹೆಚ್ಚುವರಿ ಹಾನಿ ಕಡಿಮೆಯಾಗುತ್ತಾ ಹೋಗುತ್ತದೆ. ಅಂದರೆ 200ರಿಂದ 190ಕ್ಕೆ ಇಳಿಸಿದ್ದಕ್ಕಿಂತ 30ರಿಂದ 20ಕ್ಕೆ ಇಳಿಸಿದ್ದರಲ್ಲಿ ಲಾಭ ಜಾಸ್ತಿ. ಸಾಧಾರಣ ದಿನಗಳ ಬಗ್ಗೆ ನಾನು ಇಷ್ಟು ತಲೆ ಕೆಡಿಸಿಕೊಂಡಿರುವುದಕ್ಕೆ ಎರಡನೇ ಕಾರಣ ಇದು.

ಸರಿ, ಹಾಗಾದರೆ ಮಾಡುವುದೇನು?

ಮೊದಲು ಜಾಗ ಮತ್ತು ಹೊತ್ತು. ಅಳೆಯುವ ಯಂತ್ರ ಯಾವುದೋ ಕಟ್ಟಡದ ತಾರಸಿ ಮೇಲಿರುತ್ತದೆ, ನಿಮ್ಮ ಮೂಗು ಬಸ್ಸಿನ ಸೈಲೆನ್ಸರ್ ಎತ್ತರದಲ್ಲಿ ಇರುತ್ತದೆ. ಇಬ್ಬರೂ ಒಂದೇ ಗಾಳಿ ಸೇವಿಸುತ್ತಿಲ್ಲ. ದೊಡ್ಡ ರಸ್ತೆಯಿಂದ ಎರಡು ಮೂರು ನೂರು ಮೀಟರ್ ಒಳಗೆ ಹೋದರೆ ವಾಹನದ ಹೊಗೆಯ ಪಾಲು ಸಾಕಷ್ಟು ಇಳಿಯುತ್ತದೆ. ಇದಕ್ಕೆ ನನಗೆ ತುಂಬಾ ಇಷ್ಟವಾದ ಸಾಕ್ಷಿ ಲಂಡನ್ನಿನದು. 60 ದಾಟಿದವರನ್ನು ಒಂದು ದಿನ ಹೈಡ್ ಪಾರ್ಕಿನಲ್ಲಿ ಎರಡು ಗಂಟೆ ನಡೆಸಿದರು. ಇನ್ನೊಂದು ದಿನ ಡೀಸೆಲ್ ಬಸ್ಸು ಟ್ಯಾಕ್ಸಿಗಳೇ ಓಡುವ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಅಷ್ಟೇ ಹೊತ್ತು. ಪಾರ್ಕಿನಲ್ಲಿ ನಡೆದಾಗ ಶ್ವಾಸಕೋಶದ ಕಸುವು ಹೆಚ್ಚಿತು, ರಕ್ತನಾಳ ಸಡಿಲವಾಯಿತು, ನಡಿಗೆ ಮಾಡಬೇಕಾದ ಉಪಕಾರವನ್ನೆಲ್ಲ ಮಾಡಿತು. ಆ ರಸ್ತೆಯಲ್ಲಿ ನಡೆದಾಗ ಆ ಲಾಭ ಹೆಚ್ಚುಕಡಿಮೆ ಅಲ್ಲೇ ಮಾಯ. ಅದೇ ಜನ, ಅದೇ ಕಾಲು, ಅದೇ ಎರಡು ಗಂಟೆ. 2018ರಲ್ಲಿ ಪ್ರಕಟವಾದ ಅಧ್ಯಯನ ಇದು.

ಆದ್ದರಿಂದ ದಿನಾ ಓಡಾಡುವ ದಾರಿಯನ್ನು ಒಂದು ಸಲ ಕೂತು ಯೋಚಿಸಿ. ಮುಖ್ಯ ರಸ್ತೆಯ ಪಕ್ಕದ ಒಳರಸ್ತೆಯಲ್ಲಿ ಹೋದರೆ ಐದು ನಿಮಿಷ ಜಾಸ್ತಿ ಆಗಬಹುದು, ಆಗಲಿ ಬಿಡಿ. ಒಂದು ದಿನ ಮಾಡಿದರೆ ಏನೂ ಅಲ್ಲ, ವರ್ಷಪೂರ್ತಿ ಮಾಡಿದರೆ ಮೇಲಿನ 10 ಮೈಕ್ರೋಗ್ರಾಂ ಲೆಕ್ಕ ನೆನಪಿಸಿಕೊಳ್ಳಿ. ಸಿಗ್ನಲ್ಲಿನಲ್ಲಿ ಲಾರಿಯ ಬಾಲಕ್ಕೆ ಅಂಟಿ ನಿಲ್ಲಬೇಡಿ, ಸ್ವಲ್ಪ ಹಿಂದೆ, ಸ್ವಲ್ಪ ಪಕ್ಕಕ್ಕೆ. ಕಾರಿನಲ್ಲಿದ್ದರೆ ದಟ್ಟ ಟ್ರಾಫಿಕ್ಕಿನಲ್ಲಿ ಕಿಟಕಿ ಏರಿಸಿ, ಎಸಿಯನ್ನು ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ನಿಗೆ ಹಾಕಿ. ದೂರದ ಪ್ರಯಾಣವಾದರೆ ನಡುವೆ ಒಂದಷ್ಟು ಹೊರಗಾಳಿ ಬಿಡಿ, ಇಲ್ಲದಿದ್ದರೆ ಒಳಗೆ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಬರುತ್ತದೆ.

ಹೊತ್ತಿನ ವಿಷಯ ಇನ್ನೂ ಸ್ವಾರಸ್ಯ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಕೆಳಗೇ ಉಳಿಯುತ್ತದೆ, ಬೆಚ್ಚಗಿನ ಗಾಳಿ ಅದರ ಮೇಲೆ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಕೂರುತ್ತದೆ. ರಾತ್ರಿಯಿಡೀ ಓಡಿದ ಲಾರಿಗಳ ಹೊಗೆ, ಸುಟ್ಟ ಕಸದ ಹೊಗೆ ಎಲ್ಲ ಆ ಕೆಳಗಿನ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಬಿಸಿಲೇರಿ ನೆಲ ಕಾಯುವ ತನಕ ಬಿಡುಗಡೆ ಇಲ್ಲ. 'ಬೆಳಗಿನ ತಾಜಾ ಗಾಳಿ' ಅಂತ ನಸುಕಿನಲ್ಲೇ ಜಾಗಿಂಗ್ ಹೊರಡುವವರು ಚಳಿಗಾಲದಲ್ಲಿ ದಿನದ ಅತಿ ಕೆಟ್ಟ ಗಾಳಿಯನ್ನೇ ಹುಡುಕಿಕೊಂಡು ಹೋಗುತ್ತಿರಬಹುದು. ಬೇಸಿಗೆಯಲ್ಲಿ ಉಲ್ಟಾ. ವಾಹನದ ಹೊಗೆ ಮತ್ತು ಬಿಸಿಲು ಸೇರಿ ಓಝೋನ್ ತಯಾರಾಗುತ್ತದೆ, ಅದು ಏರುವುದು ಮಧ್ಯಾಹ್ನ. ಆಗ ಬೆಳಗಿನ ಹೊತ್ತೇ ವಾಸಿ.

ಹಾಗಂತ ವ್ಯಾಯಾಮ ಬಿಡಬೇಕಾ? ಖಂಡಿತ ಬೇಡ. ಸುಮ್ಮನೆ ಕೂತಾಗ ನಿಮಿಷಕ್ಕೆ ಆರೆಂಟು ಲೀಟರ್ ಗಾಳಿ ಎಳೆಯುತ್ತೇವೆ, ಜೋರಾಗಿ ಓಡುವಾಗ ಅದು 50 ಲೀಟರ್ ದಾಟುತ್ತದೆ, ಅದೂ ಬಾಯಲ್ಲಿ, ಮೂಗಿನ ಸೋಸುವಿಕೆಯೂ ಇಲ್ಲದೆ. ಇದು ನಿಜ. ಆದರೆ ಕೂತೇ ಇರುವುದರಿಂದ ಬರುವ ಕಾಯಿಲೆಗಳೂ ಅಷ್ಟೇ ನಿಜ. ಎರಡನ್ನೂ ತೂಗಿ ನೋಡಿದ 2016ರ ಒಂದು ಲೆಕ್ಕಾಚಾರದ ಪ್ರಕಾರ, ಪಿಎಂ 2.5 ನೂರರಷ್ಟು ಇರುವ ಊರಿನಲ್ಲೂ ದಿನಕ್ಕೆ ಒಂದೂವರೆ ಗಂಟೆ ಸೈಕಲ್ ತುಳಿಯುವ ತನಕ ಲಾಭವೇ ಹೆಚ್ಚು. ನಡಿಗೆಯಾದರೆ ಹತ್ತು ಗಂಟೆ ದಾಟಬೇಕು, ಅಷ್ಟು ಯಾರು ನಡೆಯುತ್ತಾರೆ. ಹಾಗಾಗಿ ಓಟಕ್ಕೆ ಜಾಗ ಬದಲಿಸಿ, ಹೊತ್ತು ಬದಲಿಸಿ, ತೀರಾ ಕೆಟ್ಟ ದಿನ ಮನೆಯೊಳಗೆ ಮಾಡಿ. 'ಗಾಳಿ ಸರಿಯಿಲ್ಲ' ಅನ್ನುವುದು ಸೋಮಾರಿತನಕ್ಕೆ ಸಿಕ್ಕ ಹೊಸ ನೆಪ ಆಗುವುದು ಬೇಡ.

ಮಾಸ್ಕ್ ವಿಷಯದಲ್ಲಿ ಕೋವಿಡ್ ನಮಗೆ ಅರ್ಧ ಪಾಠ ಮಾತ್ರ ಕಲಿಸಿತು. ಬಟ್ಟೆ ಮಾಸ್ಕ್, ಕರ್ಚೀಫು, ದುಪಟ್ಟಾ ಇವು ದಪ್ಪ ಧೂಳಿಗೆ ಪರವಾಗಿಲ್ಲ, ಸಣ್ಣ ಕಣಕ್ಕೆ ಹೆಚ್ಚುಕಡಿಮೆ ದಂಡ. ಬೇಕಾಗಿರುವುದು ಎನ್95 ಅಥವಾ ಅದಕ್ಕೆ ಹತ್ತಿರದ ಎಫ್‌ಎಫ್‌ಪಿ2. ಎನ್95 ಅಂದರೆ 0.3 ಮೈಕ್ರಾನ್ ಆಸುಪಾಸಿನ ಕಣಗಳಲ್ಲಿ ಕನಿಷ್ಠ ಶೇಕಡ 95ನ್ನು ಹಿಡಿಯುತ್ತದೆ. ಆ ಗಾತ್ರವನ್ನೇ ಯಾಕೆ ಆರಿಸಿದರು ಅಂದರೆ ಹಿಡಿಯಲು ಅತಿ ಕಷ್ಟದ್ದು ಅದು. ದೊಡ್ಡ ಕಣ ನೇರವಾಗಿ ಹೋಗಿ ನಾರಿಗೆ ಹೊಡೆಯುತ್ತದೆ. ತೀರಾ ಸಣ್ಣದು ಅಡ್ಡಾದಿಡ್ಡಿ ಅಲೆಯುತ್ತಾ ತಾನೇ ಹೋಗಿ ಅಂಟಿಕೊಳ್ಳುತ್ತದೆ. ನಡುವಿನದೇ ನುಣುಚಿಕೊಳ್ಳುವುದು. ಈ ಮಾಸ್ಕಿನ ನಾರಿನಲ್ಲಿ ವಿದ್ಯುತ್ ಆವೇಶ ತುಂಬಿರುತ್ತಾರೆ, ಹಾಗಾಗಿ ಸೋಪಿನಲ್ಲಿ ಒಗೆದರೆ ಅದರ ಕಥೆ ಮುಗಿಯಿತು.

ಮಾಸ್ಕಿನ ಬೆಲೆಗಿಂತ ಮುಖ್ಯ ಅದು ಮುಖಕ್ಕೆ ಕೂರುವುದು. ಹಾಕಿಕೊಂಡು ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಯ ಬೆರಳಿನಿಂದ ಒತ್ತಿ. ಎರಡೂ ಅಂಗೈಯನ್ನು ಮಾಸ್ಕಿನ ಸುತ್ತ ಇಟ್ಟು ಜೋರಾಗಿ ಉಸಿರು ಬಿಡಿ. ಕಣ್ಣಿನ ಕಡೆಗೆ ಬಿಸಿ ಗಾಳಿ ಬಂತಾ, ಕನ್ನಡಕ ಮಂಜಾಯಿತಾ, ಹಾಗಾದರೆ ಸೋರುತ್ತಿದೆ. ಕಿವಿಗೆ ಸಿಕ್ಕಿಸುವುದಕ್ಕಿಂತ ತಲೆಯ ಹಿಂದೆ ಹಾಕುವ ಪಟ್ಟಿ ಬಿಗಿಯಾಗಿ ಕೂರುತ್ತದೆ. ಗಡ್ಡ ಇದ್ದರೆ ಯಾವ ಮಾಸ್ಕೂ ಸರಿಯಾಗಿ ಕೂರುವುದಿಲ್ಲ, ಇದು ಗಡ್ಡದ ಮೇಲಿನ ಆಕ್ಷೇಪಣೆ ಅಲ್ಲ, ಇರುವ ವಿಷಯ. ಅನಿಲಗಳನ್ನು, ಅಂದರೆ ಓಝೋನನ್ನೋ ನೈಟ್ರೋಜನ್ ಡೈಆಕ್ಸೈಡನ್ನೋ, ಸಾದಾ ಎನ್95 ತಡೆಯುವುದಿಲ್ಲ. ಉಸಿರಾಟದ ಕಾಯಿಲೆ ಇರುವವರಿಗೆ ಇದನ್ನು ಹಾಕಿಕೊಂಡರೆ ಉಸಿರು ಕಟ್ಟಿದ ಹಾಗಾಗಬಹುದು, ಡಾಕ್ಟರನ್ನು ಒಂದು ಮಾತು ಕೇಳಿ. ತೀರಾ ಚಿಕ್ಕ ಮಕ್ಕಳ ಮುಖಕ್ಕೆ ಕೂರುವ ಎನ್95 ಇಲ್ಲವೆನ್ನುವಷ್ಟು ಕಡಿಮೆ.

ಆದರೆ ಇಷ್ಟೆಲ್ಲ ಹೊರಗಿನ ಮಾತು. ದಿನದ ಬಹುಪಾಲು ನಾವಿರುವುದು ಒಳಗೆ. ಅದರಲ್ಲೂ ಎಂಟು ಗಂಟೆ ಒಂದೇ ಕೋಣೆಯಲ್ಲಿ, ಮಲಗಿ. ಇಡೀ ಮನೆಯಲ್ಲಿ ಒಂದೇ ಕೋಣೆಯ ಗಾಳಿ ಸುಧಾರಿಸಲು ಸಾಧ್ಯ ಅಂತಿದ್ದರೆ ಮಲಗುವ ಕೋಣೆಯದನ್ನೇ ಸುಧಾರಿಸಿ. ಜನ ಗಾಳಿ ಸೋಸುವ ಪ್ಯೂರಿಫೈಯರ್ ತಂದು ಹಾಲಿನಲ್ಲಿ ಟೀವಿ ಪಕ್ಕ ಇಡುವುದನ್ನು ನೋಡಿದಾಗ ನನಗೆ ಪಿಚ್ಚೆನಿಸುತ್ತದೆ. ಬಾಗಿಲು ತೆರೆದೇ ಇರುವ ಆ ದೊಡ್ಡ ಜಾಗದಲ್ಲಿ ಅದು ಯಾರಿಗೂ ಆಗದ ಕೆಲಸ ಮಾಡುತ್ತಿರುತ್ತದೆ.

ಪ್ಯೂರಿಫೈಯರ್ ಕೊಳ್ಳುವಾಗ ನೋಡಬೇಕಾದ್ದು ಎರಡೇ. ಸಣ್ಣ ಕಣವನ್ನೂ ಹಿಡಿಯುವ ನಿಜವಾದ ಹೆಪಾ ಫಿಲ್ಟರ್ ಇದೆಯಾ, ಮತ್ತೆ ಸಿಎಡಿಆರ್ ಎಷ್ಟು. ಈ ಸಿಎಡಿಆರ್ ಅಂದರೆ ಗಂಟೆಗೆ ಎಷ್ಟು ಘನ ಮೀಟರ್ ಶುದ್ಧ ಗಾಳಿ ಕೊಡುತ್ತದೆ ಅನ್ನುವ ಲೆಕ್ಕ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿ ಇರುತ್ತದೆ. ಗಂಟೆಗೆ ಐದು ಸಲ ಸೋಸಬೇಕು ಅಂದರೆ 170 ಬೇಕು. ಅದೂ ನೀವು ರಾತ್ರಿ ನಿಜವಾಗಿ ಹಾಕುವ ವೇಗದಲ್ಲಿ. ಡಬ್ಬದ ಮೇಲೆ ಬರೆದಿರುವುದು ಅತಿ ಜೋರಿನ ವೇಗದ್ದು, ಆ ಸದ್ದಿನಲ್ಲಿ ನಿದ್ದೆ ಬರುವುದಿಲ್ಲ. ಅದಕ್ಕೇ ಬೇಕಾದ್ದಕ್ಕಿಂತ ದೊಡ್ಡದನ್ನು ಕೊಂಡು ಮೆಲ್ಲಗೆ ಓಡಿಸುವುದು ಜಾಣತನ. ಅಯಾನು, ಪ್ಲಾಸ್ಮಾ ಅಂತೆಲ್ಲ ಹೇಳುವ ಕೆಲವು ಯಂತ್ರಗಳು ತಾವೇ ಓಝೋನ್ ಬಿಡುತ್ತವೆ, ಅಂಥ ಬಟನ್ ಇದ್ದರೆ ಆರಿಸಿಡಿ. ಅಷ್ಟು ದುಡ್ಡು ಇಲ್ಲದವರಿಗೆ ಕಾರ್ಸಿ-ರೋಸೆಂಥಾಲ್ ಪೆಟ್ಟಿಗೆ ಅಂತ ಒಂದಿದೆ. ಚೌಕದ ಫ್ಯಾನಿಗೆ ನಾಲ್ಕು ಒಳ್ಳೆ ಫಿಲ್ಟರ್ ಹಾಳೆ ಸುತ್ತ ನಿಲ್ಲಿಸಿ ಟೇಪ್ ಸುತ್ತುವುದು, ಅಷ್ಟೇ. 2020ರಲ್ಲಿ ಶುರುವಾದ ಈ ಜುಗಾಡ್ ಕಂಪನಿ ಯಂತ್ರಗಳಿಗೆ ಕಡಿಮೆಯಿಲ್ಲದಂತೆ ಕೆಲಸ ಮಾಡುತ್ತದೆ.

ಫಿಲ್ಟರ್ ಬದಲಿಸುವ ದಿನ ಹಳೆಯದನ್ನು ಹೊಸದರ ಪಕ್ಕ ಇಟ್ಟು ನೋಡಿ. ಹೊಸದು ಹಾಲಿನಂಥ ಬಿಳಿ. ಹಳೆಯದರ ಮಡಿಕೆ ಬಿಡಿಸಿದರೆ ಹೊರ ಅಂಚಿನಲ್ಲಿ ಕೂದಲು, ನೂಲು, ಒಂದು ಸತ್ತ ಸೊಳ್ಳೆ. ಒಳಗೆ ಇಳಿದ ಹಾಗೆ ಬೂದಿ ಬಣ್ಣ, ಬೆರಳಿಗೆ ಹತ್ತುವಂಥ ಕಪ್ಪು. ಅದರಲ್ಲಿ ಬಹುಪಾಲು ಬಂದಿದ್ದು ಆ್ಯಪ್ ಹಳದಿ ತೋರಿಸಿದ ದಿನಗಳಲ್ಲಿ.

ಮನೆಯೊಳಗಿನ ಹೊಗೆಯನ್ನು ನಾವೇ ಮಾಡುತ್ತೇವೆ ಅನ್ನುವುದು ಇನ್ನೊಂದು ಸಂಗತಿ. ಲೇಸರ್ ಇರುವ ಸಣ್ಣ ಅಳತೆ ಯಂತ್ರ ಒಂದನ್ನು ಅಡುಗೆಮನೆಯ ಶೆಲ್ಫಿನ ಮೇಲಿಟ್ಟು ಎಣ್ಣೆ ಕಾಯಿಸಿ ನೋಡಿ. ಬಾಣಲೆಯಿಂದ ಹೊಗೆ ಏಳುವ ಮುಂಚೆಯೇ ಸಂಖ್ಯೆ ಓಡತೊಡಗುತ್ತದೆ. ಹುರಿಯಲು ಶುರು ಮಾಡಿದ ಮೇಲೆ ಹೊರಗಿನ ರಸ್ತೆಗಿಂತ ಹಲವು ಪಟ್ಟು ಏರಿದ್ದನ್ನು ನಾನು ನೋಡಿದ್ದೇನೆ. ಸ್ವಲ್ಪ ಹೊತ್ತಿಗೆ ಮಲಗುವ ಕೋಣೆಯಲ್ಲೂ ಏರುತ್ತದೆ. ಗ್ಯಾಸ್ ಒಲೆಯಿಂದ ನೈಟ್ರೋಜನ್ ಡೈಆಕ್ಸೈಡ್ ಬೇರೆ. ಎಕ್ಸಾಸ್ಟ್ ಫ್ಯಾನನ್ನು ಒಲೆ ಹಚ್ಚುವ ಮುಂಚೆ ಹಾಕಿ, ಆರಿಸಿದ ಮೇಲೂ ಒಂದು ಹತ್ತು ನಿಮಿಷ ಓಡಲಿ. ಸೊಳ್ಳೆ ಬತ್ತಿ ಹಚ್ಚಿ ಬಾಗಿಲು ಮುಚ್ಚಿಕೊಂಡು ಮಲಗಬೇಡಿ, ಪರದೆ ಕಟ್ಟಿ. ಪೊರಕೆ ಹಿಡಿದು ಧೂಳೆಬ್ಬಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮಂಜಿನ ದಿನ, ತೇವ ಜಾಸ್ತಿ ಇದ್ದಾಗ, ಈ ಸಣ್ಣ ಯಂತ್ರಗಳು ಹೆಚ್ಚಾಗಿಯೇ ತೋರಿಸುತ್ತವೆ, ಕಣ ನೀರು ಕುಡಿದು ಊದಿಕೊಂಡಿರುತ್ತದೆ. ಅದನ್ನು ನೋಡಿ ಗಾಬರಿ ಬೇಡ.

ಕುಂಡದ ಗಿಡಗಳ ಮಾತು ಬಂದೇ ಬರುತ್ತದೆ. 1989ರಲ್ಲಿ ನಾಸಾ ಒಂದು ಪ್ರಯೋಗ ಮಾಡಿತ್ತು, ಮುಚ್ಚಿದ ಸಣ್ಣ ಪೆಟ್ಟಿಗೆಯಲ್ಲಿ. ಅದನ್ನು ಹಿಡಿದುಕೊಂಡು ಇವತ್ತಿಗೂ 'ಗಾಳಿ ಶುದ್ಧ ಮಾಡುವ ಗಿಡ' ಅಂತ ಮಾರುತ್ತಾರೆ. 2019ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದವರು, ಮಾಮೂಲಿ ಕಟ್ಟಡದ ಗಾಳಿಯಾಡುವಿಕೆ ಮಾಡುವಷ್ಟು ಕೆಲಸ ಮಾಡಬೇಕಾದರೆ ಒಂದು ಚದರ ಮೀಟರ್ ನೆಲಕ್ಕೆ 10ರಿಂದ 1,000 ಗಿಡ ಬೇಕು ಅಂದರು. ಅದೂ ಅನಿಲಗಳಿಗೆ, ಕಣಕ್ಕಲ್ಲ. ಗಿಡ ಇಡಿ, ಚೆನ್ನಾಗಿ ಕಾಣುತ್ತದೆ. ಶ್ವಾಸಕೋಶ ತೊಳೆಯುತ್ತೇವೆ ಅನ್ನುವ ಪಾನೀಯಗಳ ಬಗ್ಗೆ ಬರೆಯಲು ನನಗೆ ಉತ್ಸಾಹವಿಲ್ಲ.

ಕೆಲವರು ಹೆಚ್ಚು ಹುಷಾರಾಗಿರಬೇಕು. ಮಕ್ಕಳು ತಮ್ಮ ತೂಕಕ್ಕೆ ಹೋಲಿಸಿದರೆ ನಮಗಿಂತ ಜಾಸ್ತಿ ಗಾಳಿ ಎಳೆಯುತ್ತಾರೆ, ಅವರ ಶ್ವಾಸಕೋಶ ಇನ್ನೂ ಬೆಳೆಯುತ್ತಿರುತ್ತದೆ. ಬಸುರಿಯರ ವಿಷಯದಲ್ಲಿ ಬೀಜಿಂಗ್ ಒಂದು ದೊಡ್ಡ ಪ್ರಯೋಗವನ್ನೇ ಮಾಡಿಬಿಟ್ಟಿತು. 2008ರ ಒಲಿಂಪಿಕ್ಸ್‌ಗೆ ಅಂತ ಕಾರ್ಖಾನೆ ನಿಲ್ಲಿಸಿ, ಕಾರುಗಳಿಗೆ ಕಡಿವಾಣ ಹಾಕಿದ್ದರು. ಆ ಕೆಲವು ವಾರ ಎಂಟನೇ ತಿಂಗಳಲ್ಲಿದ್ದ ತಾಯಂದಿರ ಮಕ್ಕಳು, ಹಿಂದಿನ ಮುಂದಿನ ವರ್ಷ ಅದೇ ದಿನಗಳ ಮಕ್ಕಳಿಗಿಂತ ಸರಾಸರಿ 23 ಗ್ರಾಂ ಹೆಚ್ಚು ತೂಗಿದರು. ಉಬ್ಬಸದವರು ಇನ್ಹೇಲರ್ ಜೇಬಿನಲ್ಲೇ ಇಟ್ಟುಕೊಳ್ಳಿ, ಗಾಳಿ ಕೆಟ್ಟ ದಿನ ಏನು ಮಾಡಬೇಕು ಅಂತ ಡಾಕ್ಟರ ಹತ್ತಿರ ಮುಂಚೆಯೇ ಕೇಳಿ ಬರೆದಿಟ್ಟುಕೊಳ್ಳಿ. ಎದೆ ಹಿಡಿದ ಹಾಗಾದರೆ, ಮಾತಾಡಲು ಉಸಿರು ಸಾಲದಿದ್ದರೆ 'ಹೊಗೆ ಜಾಸ್ತಿ ಇವತ್ತು' ಅಂತ ಮನೆಯಲ್ಲಿ ಕೂರಬೇಡಿ. ಆಸ್ಪತ್ರೆಗೆ ಹೋಗಿ.

ಇಷ್ಟೆಲ್ಲ ಬರೆದಾಗಲೂ ಒಂದು ಕಿರಿಕಿರಿ ಉಳಿಯುತ್ತದೆ. ಟ್ರಾಫಿಕ್ ಪೊಲೀಸರಿಗೆ, ಡೆಲಿವರಿ ಹುಡುಗರಿಗೆ, ರಸ್ತೆ ಗುಡಿಸುವವರಿಗೆ 'ಒಳರಸ್ತೆಯಲ್ಲಿ ಹೋಗಿ, ಮನೆಯಲ್ಲೇ ಇರಿ' ಅಂತ ಹೇಳಿದರೆ ಅದು ಸಲಹೆಯಲ್ಲ, ಕುಚೋದ್ಯ. ಗಾಳಿಯನ್ನು ಮೂಗಿನ ಹತ್ತಿರ ಸೋಸುವುದು ಕೊನೆಯ ದಾರಿ. ಬಯಲಿನಲ್ಲಿ ದೊಡ್ಡ ಗೋಪುರ ಕಟ್ಟಿ ಸೋಸುವುದಂತೂ ದಾರಿಯೇ ಅಲ್ಲ. ಹೊಗೆ ಹುಟ್ಟುವ ಕಡೆ ನಿಲ್ಲಿಸಿದಾಗ ಮಾತ್ರ ಫಲ ಎದ್ದು ಕಾಣುತ್ತದೆ. ಅಮೆರಿಕದ ಯೂಟಾ ಕಣಿವೆಯಲ್ಲಿ 1986ರಿಂದ 87ರವರೆಗೆ ಒಂದು ಉಕ್ಕಿನ ಕಾರ್ಖಾನೆ ಕಾರ್ಮಿಕರ ಜಗಳದಿಂದ ಸುಮಾರು ವರ್ಷ ಮುಚ್ಚಿತ್ತು. ಅದು ಓಡುತ್ತಿದ್ದ ಚಳಿಗಾಲಗಳಲ್ಲಿ ಉಸಿರಾಟದ ತೊಂದರೆಗೆ ಆಸ್ಪತ್ರೆ ಸೇರುತ್ತಿದ್ದ ಮಕ್ಕಳು, ಮುಚ್ಚಿದ್ದ ಚಳಿಗಾಲದ್ದಕ್ಕಿಂತ ಎರಡು ಮೂರು ಪಟ್ಟು. ಅದೇ ಬೀಜಿಂಗ್ 2013ರಲ್ಲಿ ಪಿಎಂ 2.5ರ ವರ್ಷದ ಸರಾಸರಿ ಸುಮಾರು 90 ಇದ್ದದ್ದನ್ನು 2021ಕ್ಕೆ 33ಕ್ಕೆ ಇಳಿಸಿತು, ಕಲ್ಲಿದ್ದಲ ಬಾಯ್ಲರ್ ತೆಗೆದು, ಹಳೆಯ ವಾಹನ ತೆಗೆದು. ಲಾಸ್ ಏಂಜಲೀಸ್ ಸುತ್ತಮುತ್ತ ಮಕ್ಕಳ ಶ್ವಾಸಕೋಶವನ್ನು ವರ್ಷಗಟ್ಟಲೆ ಅಳೆದಿದ್ದಾರೆ. 1990ರ ದಶಕದ ನಡುವೆ ಬೆಳೆದ ಮಕ್ಕಳಲ್ಲಿ 15ನೇ ವಯಸ್ಸಿಗೆ ಶ್ವಾಸಕೋಶದ ಕಸುವು ತೀರಾ ಕಡಿಮೆ ಇದ್ದವರು ಶೇಕಡ 7.9. ಗಾಳಿ ಸುಧಾರಿಸಿದ ಮೇಲೆ, 2007ರಿಂದ 2011ರ ನಡುವೆ ಬೆಳೆದವರಲ್ಲಿ 3.6.

ಹಾಗಾಗಿ ಜನವರಿ ಬಂದಾಗ ನಾನು ಮಾಡುವ ಕೆಲಸ ಒಂದೇ. ಹತ್ತಿರದ ಅಳತೆ ಕೇಂದ್ರದ ಕಳೆದ ವರ್ಷದ ಪಿಎಂ 2.5 ಸರಾಸರಿ ಹುಡುಕುತ್ತೇನೆ, ಅದರ ಹಿಂದಿನ ವರ್ಷದ್ದರ ಪಕ್ಕ ಬರೆಯುತ್ತೇನೆ. ಎಷ್ಟು ದಿನದ ಅಳತೆಯೇ ದಾಖಲಾಗಿಲ್ಲ ಅನ್ನುವುದನ್ನೂ ನೋಡುತ್ತೇನೆ, ಯಾಕೆಂದರೆ ಯಂತ್ರ ಕೆಟ್ಟ ದಿನಗಳೇ ಕೆಲವೊಮ್ಮೆ ಸರಾಸರಿಯನ್ನು ಚೆಂದ ಮಾಡಿರುತ್ತವೆ. ಓಟು ಕೇಳಲು ಬಂದವರ ಹತ್ತಿರ, ವಾರ್ಡಿನ ಸಭೆಯಲ್ಲಿ ಈ ಎರಡು ಸಂಖ್ಯೆ ಇಟ್ಟು ಕೇಳಿದರೆ ಮಾತು ಬೇಗ ವಿಷಯಕ್ಕೆ ಬರುತ್ತದೆ. 'ಗಾಳಿ ಕೆಟ್ಟಿದೆ ಸಾರ್' ಅಂದರೆ 'ಹೌದು, ಚಳಿಗಾಲ ಅಲ್ವಾ' ಅನ್ನುತ್ತಾರೆ. '38 ಇದ್ದದ್ದು 43 ಯಾಕಾಯಿತು' ಅಂದರೆ ಅವರೂ ಸ್ವಲ್ಪ ಯೋಚಿಸಬೇಕಾಗುತ್ತದೆ.